ಬ್ರಿಟನ್ನಿನಲ್ಲಿ ಅಲ್ಪಾದಾಯದ ವೃದ್ಧರು ಮತ್ತು ಅಂಗವೈಕಲ್ಯ ಭತ್ಯೆಗಳ ಪರಸ್ಪರ ಸಂಬಂಧ

ಬ್ರಿಟನ್ನಿನ ಸಾಮಾಜಿಕ ಭದ್ರತೆಯ ವ್ಯವಸ್ಥೆಯಲ್ಲಿ ವೃದ್ಧಾಪ್ಯಕ್ಕೊಂದು, ದೇಹದ ಅಶಕ್ತತೆಗೊಂದು, ಬಡತನಕ್ಕೊಂದು ಎಂಬಂತೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಶಾಸನಗಳ ಮೂಲಕ ಹುಟ್ಟಿಕೊಂಡ ನೆರವುಗಳುಂಟು. ದುಡಿಮೆಯ ಕಾಲದಲ್ಲಿ ಸಲ್ಲಿಸಿದ ವಂತಿಗೆಯ ಆಧಾರದ ಮೇಲೆ ದೊರೆಯತಕ್ಕ ಸ್ಟೇಟ್ ಪೆನ್ಷನ್. ಆದಾಯವನ್ನಾಗಲಿ ಆಸ್ತಿಯನ್ನಾಗಲಿ ವಿಚಾರಿಸದೆ, ಮತ್ತೊಬ್ಬರ ಶುಶ್ರೂಷೆ ಬೇಕಾದ ಸ್ಥಿತಿಯೊಂದನ್ನೇ ಪರಿಗಣಿಸಿ ಕೊಡುವ ಅಟೆಂಡೆನ್ಸ್ ಅಲೊವೆನ್ಸ್, ಅಂದರೆ ಪರಿಚರ್ಯಾ ಭತ್ಯೆ. ಕೈಗೆ ಬರುವ ವರಮಾನವನ್ನೆಲ್ಲ ಲೆಕ್ಕ ಹಾಕಿ, ಶಾಸನವು ಗೊತ್ತುಮಾಡಿದ ಮಟ್ಟಕ್ಕೆ ಎಷ್ಟು ಕಡಮೆ ಬೀಳುವುದೋ ಅಷ್ಟನ್ನು ತುಂಬಿಕೊಡುವ ಪೆನ್ಷನ್ ಕ್ರೆಡಿಟ್: ಇವು ಅವುಗಳಲ್ಲಿ ಪ್ರಧಾನವಾದವು. ಒಂದೊಂದನ್ನೂ ಪ್ರತ್ಯೇಕವಾಗಿ ನೋಡಿದರೆ ಅದರ ಉದ್ದೇಶ ಸರಳ, ನಿಯಮ ಸುಗಮ. ಆದರೆ ಒಬ್ಬನೇ ಮನುಷ್ಯನು ವೃದ್ಧನೂ ಅಶಕ್ತನೂ ಬಡವನೂ ಆಗಿರುವಾಗ ಈ ನೆರವುಗಳು ಒಂದರೊಡನೊಂದು ಸಂಧಿಸುತ್ತವೆ. ಕೆಲವೆಡೆ ಒಂದು ಇನ್ನೊಂದನ್ನು ಪೋಷಿಸುತ್ತದೆ, ಕೆಲವೆಡೆ ಒಂದು ಬಂದೊಡನೆ ಇನ್ನೊಂದು ನಿಂತುಹೋಗುತ್ತದೆ. ವ್ಯವಸ್ಥೆಯ ನಿಜವಾದ ಔದಾರ್ಯವೂ ಅದರ ನಿಜವಾದ ಕಾಠಿಣ್ಯವೂ ಅಡಗಿರುವುದು ಈ ಸಂಧಿಸ್ಥಾನಗಳಲ್ಲಿಯೇ. ಅವುಗಳನ್ನು ಅರಿತುಕೊಳ್ಳತಕ್ಕ ಹೊಣೆಯಾದರೋ, ಅರಿಯುವ ಶಕ್ತಿ ಎಲ್ಲರಿಗಿಂತ ಕಡಮೆಯಾಗಿರುವವರ ಮೇಲೆಯೇ ಬಿದ್ದಿದೆ. ಮುಂದೆ ಕೊಟ್ಟಿರುವ ಮೊತ್ತಗಳು 2025-26ನೆಯ ಸಾಲಿನವು; ಬೇರೆಯಾಗಿ ಹೇಳದಿದ್ದಲ್ಲಿ ಒಂದು ವಾರಕ್ಕೆ ಸಲ್ಲತಕ್ಕವು.

ಈ ತೊಡಕಿನ ಬೇರು ಇತಿಹಾಸದಲ್ಲಿದೆ. 1908ರ ವೃದ್ಧಾಪ್ಯ ವೇತನ ಶಾಸನದ ಪ್ರಕಾರ, 1909ರ ಜನವರಿ 1ರಿಂದ, 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಷಿಲಿಂಗ್ ದೊರೆಯತೊಡಗಿತು. 1942ರಲ್ಲಿ ಪ್ರಕಟವಾದ ಬೆವರಿಜ್ ವರದಿಯು ಯುದ್ಧೋತ್ತರ ಕಲ್ಯಾಣರಾಜ್ಯಕ್ಕೆ ಅಸ್ತಿಭಾರವನ್ನು ಹಾಕಿತಾದರೂ, ಆ ವರದಿಯ ದೃಷ್ಟಿ ಮುಖ್ಯವಾಗಿ ಸಂಬಳ ಗಳಿಸುವವನ ಗಳಿಕೆ ನಿಂತುಹೋಗುವ ಸಂದರ್ಭಗಳ ಮೇಲೆ ನೆಟ್ಟಿದ್ದಿತು. ಎಂದೂ ಸಂಬಳ ಪಡೆಯದ ಗೃಹಿಣಿ, ಹುಟ್ಟಿನಿಂದಲೇ ಅಶಕ್ತನಾದವನು, ದುಡಿಮೆಯಿಂದ ನಿವೃತ್ತನಾದ ಮೇಲೆ ಕೈಕಾಲಿನ ಸ್ವಾಧೀನ ಕಳೆದುಕೊಂಡವನು, ಇವರ ಅಂಗವೈಕಲ್ಯಕ್ಕೆ ಆ ಯೋಜನೆಯಲ್ಲಿ ಪ್ರತ್ಯೇಕವಾದ ಬೆಲೆಯಿರಲಿಲ್ಲ. ಈ ಕೊರತೆಯನ್ನು ಎತ್ತಿ ತೋರಿಸಿದವರು ಮಂತ್ರಿಗಳಲ್ಲ, ಪಂಡಿತರಲ್ಲ. 1965ರಲ್ಲಿ ಮೆಗನ್ ಡು ಬ್ವಾಸ್ಸನ್ ಮತ್ತು ಬೆರಿಟ್ ಮೂರ್ ಎಂಬ ಇಬ್ಬರು ಅಂಗವಿಕಲ ಗೃಹಿಣಿಯರು. ಅವರು ಸ್ಥಾಪಿಸಿದ ಡಿಸೇಬಲ್‌ಮೆಂಟ್ ಇನ್‌ಕಮ್ ಗ್ರೂಪ್ ಎಂಬ ಸಂಘವು, ಅಂಗವೈಕಲ್ಯವು ತನ್ನಷ್ಟಕ್ಕೆ ತಾನೇ ಒಂದು ಖರ್ಚು, ಅದಕ್ಕೆ ರಾಷ್ಟ್ರವು ಹಣ ತೆರಬೇಕು ಎಂಬ ವಾದವನ್ನು ಪಾರ್ಲಿಮೆಂಟಿನ ಬಾಗಿಲಿಗೆ ಒಯ್ದಿತು. ಮೆಗನ್ ಡು ಬ್ವಾಸ್ಸನ್ 1969ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಪರಿಚರ್ಯಾ ಭತ್ಯೆಯು ಜಾರಿಗೆ ಬಂದದ್ದು 1971ರ ಡಿಸೆಂಬರಿನಲ್ಲಿ. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಮೊದಲು ಎಲ್ಲ ವಯಸ್ಸಿನವರಿಗೂ ಒಂದೇ ಆಗಿದ್ದ ಈ ಭತ್ಯೆಯಿಂದ 1992ರಲ್ಲಿ ಕಿರಿಯರನ್ನು ಬೇರ್ಪಡಿಸಿ, ಡಿಸಬಿಲಿಟಿ ಲಿವಿಂಗ್ ಅಲೊವೆನ್ಸ್ ಎಂಬ ಹೊಸ ನೆರವಿಗೆ ಸೇರಿಸಲಾಯಿತು. 2013ರಿಂದೀಚೆಗೆ ಅದರ ಸ್ಥಾನಕ್ಕೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಬರತೊಡಗಿತು. ಹಳೆಯ ಪರಿಚರ್ಯಾ ಭತ್ಯೆ ವೃದ್ಧರಿಗೆ ಮಾತ್ರ ಉಳಿಯಿತು. ಪೆನ್ಷನ್ ಕ್ರೆಡಿಟ್ 2003ರ ಅಕ್ಟೋಬರಿನದು.

ಪರಿಚರ್ಯಾ ಭತ್ಯೆಗೆ ಅರ್ಹತೆಯನ್ನು ನಿರ್ಣಯಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಉಳಿದ ನೆರವುಗಳ ಬಾಗಿಲು ತೆರೆಯುವುದು ಇಲ್ಲಿಂದಲೇ. ಹಗಲೆಲ್ಲ ಪದೇ ಪದೇ ದೇಹಧರ್ಮಗಳಿಗೆ ಸಂಬಂಧಿಸಿದ ನೆರವಾಗಲಿ, ಅಪಾಯವನ್ನು ತಪ್ಪಿಸುವ ಸಲುವಾಗಿ ಸತತವಾದ ಮೇಲ್ವಿಚಾರಣೆಯಾಗಲಿ ಬೇಕಾದವರಿಗೆ, ಅಥವಾ ರಾತ್ರಿಯ ವೇಳೆ ಬಹಳ ಹೊತ್ತು ಇಲ್ಲವೆ ಮತ್ತೆ ಮತ್ತೆ ಅಂಥ ನೆರವು ಬೇಕಾದವರಿಗೆ 73.90 ಪೌಂಡು ಸಲ್ಲುತ್ತದೆ. ಹಗಲೂ ರಾತ್ರಿಯೂ ಬೇಕಾದವರಿಗೆ 110.40 ಪೌಂಡು. ಅಗತ್ಯವು ಆರು ತಿಂಗಳಿಂದ ಇದ್ದಿರಬೇಕು. ಒಂದು ವರ್ಷದೊಳಗೆ ಮರಣವು ಸಂಭವಿಸಬಹುದೆಂದು ವೈದ್ಯರು ಅಭಿಪ್ರಾಯಪಟ್ಟವರಿಗೆ ಮಾತ್ರ ಈ ಕಾಯುವಿಕೆಯಿಲ್ಲ. ಅಗತ್ಯವಿದ್ದರೆ ಸಾಕು, ಆ ನೆರವನ್ನು ವಾಸ್ತವವಾಗಿ ಯಾರಾದರೂ ನೀಡುತ್ತಿರಬೇಕೆಂಬ ನಿರ್ಬಂಧವಿಲ್ಲವೆಂಬುದು ಈ ಶಾಸನದ ಉದಾತ್ತವಾದ ಅಂಶ. ಹಣವನ್ನು ಯಾವುದಕ್ಕೆ ವೆಚ್ಚ ಮಾಡಿದಿರೆಂದು ಯಾರೂ ಕೇಳುವಂತಿಲ್ಲ.

ದೇಹಧರ್ಮವೆಂದರೆ ಯಾವುದು ಎಂಬ ಪ್ರಶ್ನೆ ನ್ಯಾಯಾಲಯಗಳನ್ನು ದಶಕಗಳ ಕಾಲ ಕಾಡಿತು. 1981ರಲ್ಲಿ ತಮಗೆ ಅಡುಗೆ ಮಾಡಿಕೊಳ್ಳಲಾಗದೆಂದು ಭತ್ಯೆ ಕೇಳಿದ್ದ ವೃದ್ಧೆಯೊಬ್ಬರ ಮೊಕದ್ದಮೆಯಲ್ಲಿ ನ್ಯಾಯಾಧೀಶರಾದ ಲಾರ್ಡ್ ಡೆನಿಂಗ್ ಅವರು, ಉಣ್ಣುವುದು, ಕುಡಿಯುವುದು, ನಡೆಯುವುದು, ಬಟ್ಟೆ ಉಡುವುದು, ಹಾಸಿಗೆಯಿಂದೇಳುವುದು ಇವೆಲ್ಲ ದೇಹಧರ್ಮಗಳೆಂದೂ, ಅಡುಗೆ ಮಾಡುವುದು, ಅಂಗಡಿಗೆ ಹೋಗುವುದು ಮೊದಲಾದ ಮನೆಗೆಲಸಗಳು ಅಲ್ಲವೆಂದೂ ಗೆರೆ ಎಳೆದರು. 1994ರಲ್ಲಿ, ಆಗ ಅತ್ಯುನ್ನತ ನ್ಯಾಯಪೀಠವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಅಂಧನೊಬ್ಬನನ್ನು ಅಪರಿಚಿತ ಸ್ಥಳದಲ್ಲಿ ಕೈಹಿಡಿದು ನಡೆಸುವುದು ದೃಷ್ಟಿಯೆಂಬ ದೇಹಧರ್ಮಕ್ಕೆ ಸಂಬಂಧಿಸಿದ ನೆರವೇ ಸರಿ ಎಂದು ತೀರ್ಪಿತ್ತು, ಆ ಗೆರೆಯನ್ನು ವಿಸ್ತರಿಸಿತು. 1997ರಲ್ಲಿ ಅದೇ ಪೀಠವು, ಮೂತ್ರವನ್ನು ತಡೆದುಕೊಳ್ಳಲಾರದ ವೃದ್ಧೆಯ ಬಟ್ಟೆ ಹಾಸಿಗೆಗಳನ್ನು ಒಯ್ದು ಒಗೆದು ತರುವ ಶ್ರಮವನ್ನು, ಅದು ರೋಗಿಯ ಬಳಿಯಲ್ಲಿದ್ದು ಮಾಡುವ ಉಪಚಾರವಲ್ಲವೆಂಬ ಕಾರಣದಿಂದ, ಲೆಕ್ಕಕ್ಕೆ ತೆಗೆದುಕೊಳ್ಳಲೊಪ್ಪಲಿಲ್ಲ. ತರ್ಕದ ದೃಷ್ಟಿಯಿಂದ ಈ ತೀರ್ಪನ್ನು ಸಮರ್ಥಿಸಬಹುದೇನೊ. ಆದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡ ಯಾರೂ ದಿನದ ದುಡಿಮೆಯಲ್ಲಿ ಬಟ್ಟೆ ಒಗೆಯುವುದನ್ನು ಬೇರೆಯಾಗಿ ಎತ್ತಿಡಲಾರರು.

ಅರ್ಜಿಯ ನಮೂನೆಯು ಮೂವತ್ತು ಪುಟಗಳ ಆಸುಪಾಸಿನದು. ಏಳುವುದು, ತೊಳೆದುಕೊಳ್ಳುವುದು, ಶೌಚ, ಉಡುಪು, ಊಟ, ಔಷಧಿ, ಮಾತು, ಬೀಳುವ ಭಯ ಇವುಗಳಲ್ಲಿ ಒಂದೊಂದಕ್ಕೂ ದಿನಕ್ಕೆಷ್ಟು ಸಲ, ಪ್ರತಿಸಲ ಎಷ್ಟು ನಿಮಿಷ ನೆರವು ಬೇಕೆಂದು ಅದು ಕೇಳುತ್ತದೆ. ಜೀವಮಾನವೆಲ್ಲ ಯಾರ ಹಂಗಿಗೂ ಬೀಳದೆ ಬದುಕಿದವರು ಇಂಥ ಪ್ರಶ್ನೆಗೆ, ಹೇಗೋ ನಿಭಾಯಿಸಿಕೊಳ್ಳುತ್ತೇನೆ ಎಂದು ಬರೆದುಬಿಡುತ್ತಾರೆ. ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯುತ್ತದೆಂದಾಗಲಿ, ಸ್ನಾನದ ತೊಟ್ಟಿಗೆ ಇಳಿಯುವುದನ್ನು ಎಂದೋ ಬಿಟ್ಟದ್ದಾಯಿತೆಂದಾಗಲಿ ಅವರು ಬರೆಯುವುದಿಲ್ಲ. ಆ ಒಂದು ವಾಕ್ಯದ ಮೇಲೆ ಅರ್ಜಿ ತಿರಸ್ಕೃತವಾದರೆ ಹೋಗುವುದು ಒಂದು ಭತ್ಯೆ ಮಾತ್ರವಲ್ಲ. ಅದರ ಹಿಂದೆ ಬರಬೇಕಾಗಿದ್ದುದೆಲ್ಲ ಹೋಗುತ್ತದೆ.

ಹಾಗೆ ಹಿಂದೆ ಬರುವುದು ಯಾವುದೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸುಮಾರು ಎಂಬತ್ತರ ವಿಧವೆಯೊಬ್ಬರು, ಕೀಲುವಾತದಿಂದ ನರಳುತ್ತ, ಒಂಟಿಯಾಗಿ ವಾಸಿಸುತ್ತಾರೆಂದು ಭಾವಿಸೋಣ; ಸ್ಟೇಟ್ ಪೆನ್ಷನ್ನೂ, ಗಂಡ ದುಡಿದ ಕಾರ್ಖಾನೆಯ ಸಣ್ಣ ಪಿಂಚಣಿಯೂ ಸೇರಿ ಅವರಿಗೆ ವಾರಕ್ಕೆ 235 ಪೌಂಡು ಬರುತ್ತದೆನ್ನೋಣ. ಒಂಟಿ ವ್ಯಕ್ತಿಗೆ ಪೆನ್ಷನ್ ಕ್ರೆಡಿಟ್ ಖಾತರಿ ನೀಡುವ ಮಟ್ಟ 227.10 ಪೌಂಡು. ವರಮಾನವು ಅದಕ್ಕಿಂತ 7.90 ಪೌಂಡು ಹೆಚ್ಚಾಗಿರುವುದರಿಂದ ಅವರಿಗೆ ಏನೂ ಸಲ್ಲದು. ಈಗ ಅವರಿಗೆ ಪರಿಚರ್ಯಾ ಭತ್ಯೆಯ ಕೆಳಗಿನ ದರ ಮಂಜೂರಾಯಿತೆನ್ನಿ. ಆ 73.90 ಪೌಂಡನ್ನು ಪೆನ್ಷನ್ ಕ್ರೆಡಿಟ್ ವರಮಾನವೆಂದು ಎಣಿಸುವುದೇ ಇಲ್ಲ. ಅಷ್ಟೇ ಅಲ್ಲ, ಪರಿಚರ್ಯಾ ಭತ್ಯೆ ಪಡೆಯುತ್ತ ಒಂಟಿಯಾಗಿರುವವರಿಗೆ ತೀವ್ರವೈಕಲ್ಯದ ಹೆಚ್ಚಳವೆಂದು 82.90 ಪೌಂಡನ್ನು ಖಾತರಿಯ ಮಟ್ಟಕ್ಕೇ ಕೂಡಿಸಲಾಗುತ್ತದೆ. ಮಟ್ಟವು 310 ಪೌಂಡಿಗೇರುತ್ತದೆ. ನಿನ್ನೆಯವರೆಗೆ ಅನರ್ಹರಾಗಿದ್ದವರಿಗೆ ಇಂದು 75 ಪೌಂಡು ಪೆನ್ಷನ್ ಕ್ರೆಡಿಟ್ ಸಲ್ಲುತ್ತದೆ. ಒಟ್ಟು ಕೈಗೆ ಬರುವುದು 383.90 ಪೌಂಡು. 73.90 ಪೌಂಡಿನ ಒಂದು ಅರ್ಜಿಯಿಂದ ವಾರಕ್ಕೆ 148.90 ಪೌಂಡು ಹೆಚ್ಚಿದಂತಾಯಿತು. ಇದಲ್ಲದೆ ಪೆನ್ಷನ್ ಕ್ರೆಡಿಟ್ ಪಡೆಯುವವರಿಗೆ ಬಾಡಿಗೆಗೂ ಸ್ಥಳೀಯ ತೆರಿಗೆಗೂ ನೆರವು, ಹಲ್ಲಿನ ಚಿಕಿತ್ಸೆಯ ವಿನಾಯಿತಿ, 75 ವರ್ಷ ದಾಟಿದ್ದರೆ ಟೆಲಿವಿಷನ್ ಪರವಾನಗಿಯ ಶುಲ್ಕದ ವಿನಾಯಿತಿ ಮೊದಲಾದವು ದೊರೆಯುತ್ತವೆ. ಉಳಿತಾಯದ ಹಣದಲ್ಲಿ 10,000 ಪೌಂಡಿನವರೆಗೆ ಗಣನೆಗೆ ಬಾರದು. ಅದಕ್ಕೆ ಮೀರಿದ ಪ್ರತಿ 500 ಪೌಂಡಿಗೆ ವಾರಕ್ಕೆ ಒಂದು ಪೌಂಡು ವರಮಾನವಿದೆಯೆಂದು ಭಾವಿಸಲಾಗುತ್ತದೆ.

ಇದೇ ವಿಧವೆಯ ಮಗಳು, ಬೇರೆ ಮನೆಯಲ್ಲಿದ್ದು, ವಾರಕ್ಕೆ 35 ಗಂಟೆಗೆ ಕಡಮೆಯಿಲ್ಲದಂತೆ ತಾಯಿಯನ್ನು ನೋಡಿಕೊಳ್ಳುತ್ತಿದ್ದು, ತನ್ನ ಸಂಪಾದನೆ 196 ಪೌಂಡನ್ನು ಮೀರದಿದ್ದರೆ, ಆರೈಕೆದಾರರಿಗೆಂದೇ ಇರುವ ಕೇರರ್ಸ್ ಅಲೊವೆನ್ಸಿಗೆ ಅರ್ಜಿ ಹಾಕಬಹುದು; ಅದರ ಮೊತ್ತ 83.30 ಪೌಂಡು. ಆದರೆ ಮಗಳಿಗೆ ಆ ಹಣ ಪಾವತಿಯಾಗತೊಡಗಿದೊಡನೆ ತಾಯಿಯ ತೀವ್ರವೈಕಲ್ಯದ ಹೆಚ್ಚಳವು ರದ್ದಾಗುತ್ತದೆ. ಖಾತರಿಯ ಮಟ್ಟ ಮತ್ತೆ 227.10ಕ್ಕೆ ಇಳಿದು, 235 ಪೌಂಡಿನ ತಾಯಿ ಪೆನ್ಷನ್ ಕ್ರೆಡಿಟ್ಟಿನಿಂದ ಪೂರ್ತಿಯಾಗಿ ಹೊರಬೀಳುತ್ತಾರೆ. 75 ಪೌಂಡು ಹೋಗುವುದರ ಜೊತೆಗೆ ಅದನ್ನು ಅವಲಂಬಿಸಿದ್ದ ಬಾಡಿಗೆಯ, ತೆರಿಗೆಯ, ಹಲ್ಲಿನ ಚಿಕಿತ್ಸೆಯ ಅನುಕೂಲಗಳೂ ಕುಗ್ಗುತ್ತವೆ ಇಲ್ಲವೆ ಹೋಗುತ್ತವೆ. ಮಗಳಿಗೆ ಬಂದ 83.30ನ್ನೂ ತಾಯಿಗೆ ನಷ್ಟವಾದ 75ನ್ನೂ ಎದುರು ಬದುರು ಇಟ್ಟರೆ ಮನೆತನಕ್ಕೆ ಲಾಭವಾದದ್ದು 8.30 ಪೌಂಡು ಮಾತ್ರ. ದುಡಿಯುವ ವಯಸ್ಸಿನ ಅಲ್ಪಾದಾಯದವರಿಗೆ ಸಲ್ಲುವ ಯೂನಿವರ್ಸಲ್ ಕ್ರೆಡಿಟ್ಟನ್ನು ಮಗಳು ಪಡೆಯುತ್ತಿದ್ದರೆ ಅಲ್ಲಿ ಈ ಭತ್ಯೆಯನ್ನು ಪೂರ್ತಿಯಾಗಿ ವರಮಾನವೆಂದು ಕಳೆಯುವುದರಿಂದ, ಅಲ್ಲಿ ಆರೈಕೆಗೆಂದು ಸೇರಿಸುವ ಅಂಶವನ್ನೂ ಲೆಕ್ಕ ಹಾಕಿಯೇ ಲಾಭನಷ್ಟವನ್ನು ಹೇಳಬೇಕಾಗುತ್ತದೆ. ಒಬ್ಬರ ಆರೈಕೆಗೆ ರಾಜ್ಯವು ಎರಡು ಕಡೆ ಹಣ ತೆರಬಾರದೆಂಬುದು ಈ ನಿಯಮದ ಹಿಂದಿರುವ ತರ್ಕ. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಮನ್ನಣೆ ಕೇಳಹೋದ ಮಗಳು ತಾಯಿಯ ಅನ್ನಕ್ಕೆ ತಾನೇ ಅಡ್ಡಬಂದೆನೆಂದು ತಿಂಗಳುಗಳ ತರುವಾಯ ತಿಳಿದು ಪಡುವ ಸಂಕಟಕ್ಕೆ ಆ ತರ್ಕವು ಉತ್ತರವಾಗುವುದಿಲ್ಲ.

ಈಗ ಆ ಆರೈಕೆಯನ್ನು ಮಾಡುವವರು ಮಗಳಲ್ಲ, ಪಕ್ಕದ ಬೀದಿಯಲ್ಲಿರುವ, ತಾವೂ ಎಪ್ಪತ್ತು ದಾಟಿದ ತಂಗಿ ಎಂದಿಟ್ಟುಕೊಳ್ಳೋಣ. ಸ್ಟೇಟ್ ಪೆನ್ಷನ್ನೂ ಆರೈಕೆದಾರರ ಭತ್ಯೆಯೂ ಗಳಿಕೆಯ ಸ್ಥಾನದಲ್ಲಿ ಬರುವ ನೆರವುಗಳೆಂದು ಎಣಿಸಲ್ಪಟ್ಟಿರುವುದರಿಂದ ಎರಡನ್ನೂ ಪೂರ್ತಿಯಾಗಿ ಪಡೆಯುವಂತಿಲ್ಲ. ತಂಗಿಯ ಪೆನ್ಷನ್ 83.30ಕ್ಕಿಂತ ಹೆಚ್ಚಾಗಿದ್ದರೆ ಭತ್ಯೆಯ ಒಂದು ಪೆನ್ನಿಯೂ ಆಕೆಗೆ ಬಾರದು. ಆದರೂ ಆಕೆ ಅರ್ಜಿ ಹಾಕುವುದು ವಿಹಿತ. ಅರ್ಹತೆಯುಂಟು, ಪಾವತಿಯಿಲ್ಲ ಎಂಬ ಪತ್ರವೊಂದು ಇಲಾಖೆಯಿಂದ ಬರುತ್ತದೆ. ಆ ಅಂತರ್ಗತ ಅರ್ಹತೆಯ ಬಲದಿಂದ ತಂಗಿಯ ಪೆನ್ಷನ್ ಕ್ರೆಡಿಟ್ಟಿನ ಖಾತರಿಯ ಮಟ್ಟಕ್ಕೆ 46.40 ಪೌಂಡು ಸೇರುತ್ತದೆ. ಹಣ ವಾಸ್ತವವಾಗಿ ಪಾವತಿಯಾಗದೆ ಇರುವುದರಿಂದ ಅಕ್ಕನ ಹೆಚ್ಚಳಕ್ಕೂ ಧಕ್ಕೆಯಿಲ್ಲ. ಕೊಡುವುದಿಲ್ಲವೆಂದು ಖಚಿತವಾಗಿ ಗೊತ್ತಿರುವ ಹಣಕ್ಕಾಗಿ ಅರ್ಜಿ ಹಾಕಿದವಳಿಗೆ ಲಾಭ, ಕೊಡುವುದಿಲ್ಲವಲ್ಲ ಎಂದು ಸುಮ್ಮನಿದ್ದವಳಿಗೆ ನಷ್ಟ: ಇಂಥ ನಿಯಮವನ್ನು ಸಾಮಾನ್ಯ ಬುದ್ಧಿಯಿಂದ ಊಹಿಸಿ ತಿಳಿಯುವುದು ಯಾರಿಗೂ ಸಾಧ್ಯವಲ್ಲ. ಆರೈಕೆದಾರರ ಭತ್ಯೆಯ ಚರಿತ್ರೆಯೇ ಹೊರಗಿಡುವಿಕೆಯ ಚರಿತ್ರೆಯೆನ್ನಬಹುದು. 1976ರಲ್ಲಿ ಅದು ಮೊದಲಾದಾಗ, ವಿವಾಹಿತ ಸ್ತ್ರೀ ಹೇಗಿದ್ದರೂ ಮನೆಯಲ್ಲಿಯೇ ಇರುವಳೆಂದು ಭಾವಿಸಿ ಆಕೆಯನ್ನು ಬಿಟ್ಟುಬಿಡಲಾಗಿತ್ತು. 1986ರಲ್ಲಿ ಯೂರೋಪಿನ ನ್ಯಾಯಾಲಯವು ಅದನ್ನು ಲಿಂಗತಾರತಮ್ಯವೆಂದು ಸಾರಿದ ಮೇಲೆ ಬಾಗಿಲು ತೆರೆಯಿತು. 65 ವರ್ಷ ದಾಟಿದವರು ಹೊಸದಾಗಿ ಅರ್ಜಿ ಹಾಕಬಾರದೆಂಬ ನಿಷೇಧ ಹೋದದ್ದು 2002ರಲ್ಲಿ. ಸಂಪಾದನೆಯ ಮಿತಿಯನ್ನು ಒಂದು ಪೌಂಡು ಮೀರಿದರೂ ಆ ವಾರದ ಭತ್ಯೆ ಪೂರ್ತಿ ಹೋಗುವ ಕಟ್ಟಳೆ ಇನ್ನೂ ಉಳಿದಿದೆ. ತಿಳಿಯದೆ ಮಿತಿ ಮೀರಿದವರಿಂದ ಸಾವಿರಾರು ಪೌಂಡುಗಳನ್ನು ಹಿಂದಕ್ಕೆ ಕೇಳಿದ ಪ್ರಕರಣಗಳು ಬೆಳಕಿಗೆ ಬಂದು, 2024ರಲ್ಲಿ ಸರ್ಕಾರವು ಸ್ವತಂತ್ರ ವಿಚಾರಣೆಯನ್ನು ಏರ್ಪಡಿಸಬೇಕಾಯಿತು.

ತೀವ್ರವೈಕಲ್ಯದ ಹೆಚ್ಚಳಕ್ಕೆ ಮನೆಯಲ್ಲಿ ಯಾರಿದ್ದಾರೆಂಬುದೂ ನಿರ್ಣಾಯಕ. ದಂಪತಿಗಳಲ್ಲಿ ಇಬ್ಬರೂ ಪರಿಚರ್ಯಾ ಭತ್ಯೆ ಪಡೆಯುತ್ತಿದ್ದು, ಇಬ್ಬರನ್ನು ನೋಡಿಕೊಳ್ಳಲೂ ಯಾರೂ ಆರೈಕೆದಾರರ ಭತ್ಯೆ ಪಡೆಯದಿದ್ದರೆ 165.80 ಪೌಂಡು ಸೇರುತ್ತದೆ. ಒಬ್ಬರಿಗೆ ಮಾತ್ರ ಭತ್ಯೆಯಿದ್ದರೆ, ಇನ್ನೊಬ್ಬರು ತೀವ್ರ ಅಂಧರಾಗಿದ್ದ ಹೊರತು, ಏನೂ ಇಲ್ಲ. ವಯಸ್ಕನಾದ ಮಗನೊ ಸೊಸೆಯೊ ಒಟ್ಟಿಗೆ ವಾಸಿಸುತ್ತಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆಚ್ಚಳವು ದೊರೆಯದು. ಕನ್ನಡಿಗರಿಗೆ ಈ ನಿಯಮ ನೇರವಾಗಿ ತಾಗುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿಯೂ ತಂತ್ರಾಂಶದ ಕಂಪನಿಗಳಲ್ಲಿಯೂ ದುಡಿಯುವ ಕನ್ನಡಿಗರ ಮನೆಗಳಲ್ಲಿ ತಾಯಿತಂದೆಯರು ಮಕ್ಕಳೊಡನೆಯೇ ಇರುವುದು ರೂಢಿ. ಮುಪ್ಪಿನವರನ್ನು ಬೇರೆ ಮನೆಯಲ್ಲಿ ಒಂಟಿಯಾಗಿ ಬಿಟ್ಟಿದ್ದರೆ ಬರುತ್ತಿದ್ದ ಹೆಚ್ಚಳವು, ಜೊತೆಯಲ್ಲಿಟ್ಟುಕೊಂಡ ಮಾತ್ರಕ್ಕೆ ತಪ್ಪಿಹೋಗುತ್ತದೆ. ಮಗ ಸೊಸೆಯರು ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆಗೆ ಬರುವವರೇ ಆಗಿದ್ದರೂ ಮನೆಯಲ್ಲಿ ಆರೈಕೆಗೆ ಜನರಿದ್ದಾರೆಂದೇ ಶಾಸನವು ಭಾವಿಸುತ್ತದೆ. ಇದಕ್ಕೂ ಮೊದಲು ವಲಸೆಯ ನಿಯಮಗಳ ಅಡ್ಡಿಯಿದೆ: ಪೋಷಣೆಯ ಹೊಣೆಯನ್ನು ತಾವೇ ಹೊರುವೆವೆಂದು ಮಕ್ಕಳು ಬರೆದುಕೊಟ್ಟು ಕರೆಸಿಕೊಂಡ ವೃದ್ಧರಿಗೆ ಸಾಮಾನ್ಯವಾಗಿ 5 ವರ್ಷಗಳ ಪರ್ಯಂತ ಪೆನ್ಷನ್ ಕ್ರೆಡಿಟ್ ಇಲ್ಲ, ಪರಿಚರ್ಯಾ ಭತ್ಯೆಗಾದರೆ ಹಿಂದಿನ 156 ವಾರಗಳಲ್ಲಿ 104 ವಾರ ಆ ದೇಶದಲ್ಲಿ ನೆಲೆಸಿರಬೇಕೆಂಬುದು ಸಾಮಾನ್ಯ ನಿಯಮ. ಕೂಡಿ ಬಾಳುವ ಕುಟುಂಬವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಶಾಸನವನ್ನು ರಚಿಸಿದವರಾರೂ ಇದ್ದಂತಿಲ್ಲ.

ವಯಸ್ಸಿನ ಎಲ್ಲೆಯೊಂದು ಬೇರೆಯಿದೆ. 2025-26ರಲ್ಲಿ ಪೆನ್ಷನ್ನಿನ ವಯಸ್ಸು 66. ಅದು 2026ರಿಂದ 2028ರೊಳಗೆ 67ಕ್ಕೇರತಕ್ಕದ್ದು. ಈ ವಯಸ್ಸಿಗೆ ಮೊದಲು ಅಶಕ್ತನಾಗಿ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟನ್ನು ಪಡೆದವನು ಮುಂದೆಯೂ ಅದನ್ನೇ ಪಡೆಯುತ್ತ ಹೋಗಬಹುದು. ಅದರಲ್ಲಿ ದಿನಚರಿಯ ನೆರವಿನೊಡನೆ ಓಡಾಟದ ನೆರವೂ ಸೇರಿದೆ, ಅದರ ಮೇಲಿನ ದರ 77.05 ಪೌಂಡು. ಆ ಹಣವನ್ನು ಒಪ್ಪಿಸಿ, 1977ರಲ್ಲಿ ಪ್ರಾರಂಭವಾದ ಮೋಟಬಿಲಿಟಿ ಯೋಜನೆಯ ಮೂಲಕ ಕಾರೊಂದನ್ನು ಬಾಡಿಗೆಗೆ ಪಡೆಯುವ ಅನುಕೂಲವುಂಟು. ಎಲ್ಲೆ ದಾಟಿದ ಮೇಲೆ ಅಶಕ್ತನಾದವನಿಗೆ ಇರುವುದು ಪರಿಚರ್ಯಾ ಭತ್ಯೆಯೊಂದೇ. ಅದರಲ್ಲಿ ಓಡಾಟಕ್ಕೆ ಚಿಕ್ಕಾಸಿಲ್ಲ. 65ರಲ್ಲಿ ಪಾರ್ಶ್ವವಾಯು ಹೊಡೆದವನು ಎಂಬತ್ತರಲ್ಲಿಯೂ ಕಾರಿನಲ್ಲಿ ಆಸ್ಪತ್ರೆಗೆ ಹೋಗುತ್ತಾನೆ. 68ರಲ್ಲಿ ಅದೇ ರೋಗಕ್ಕೆ ಗುರಿಯಾದ ನೆರೆಯವನು ಬಾಗಿಲ ಹೊಸ್ತಿಲಲ್ಲಿ ಕುಳಿತಿರಬೇಕು. ಮುಪ್ಪಿನಲ್ಲಿ ನಡೆಯಲಾಗದಿರುವುದು ಸ್ವಾಭಾವಿಕವೆಂಬ ಹಳೆಯ ನಂಬಿಕೆಯ ಹೊರತು ಈ ಭೇದಕ್ಕೆ ಆಧಾರ ಕಾಣದು. ಸ್ಕಾಟ್ಲೆಂಡಿನಲ್ಲಿ ಪರಿಚರ್ಯಾ ಭತ್ಯೆಯ ಸ್ಥಾನದಲ್ಲಿ ಪೆನ್ಷನ್ ಏಜ್ ಡಿಸಬಿಲಿಟಿ ಪೇಮೆಂಟ್ ಎಂಬುದನ್ನು 2025ರ ಏಪ್ರಿಲಿನಿಂದ ಎಲ್ಲೆಡೆ ಜಾರಿಗೆ ತರಲಾಗಿದೆ. ಹೆಸರೂ ಆಡಳಿತವೂ ಬದಲಾದುವು, ಓಡಾಟದ ನೆರವು ಅದರಲ್ಲಿಯೂ ಸೇರಲಿಲ್ಲ.

ಆಸ್ಪತ್ರೆಯಲ್ಲಿ 28 ದಿನ ಕಳೆದರೆ ಪರಿಚರ್ಯಾ ಭತ್ಯೆ ನಿಲ್ಲುತ್ತದೆ, ಅದರೊಡನೆ ತೀವ್ರವೈಕಲ್ಯದ ಹೆಚ್ಚಳವೂ ನಿಲ್ಲುತ್ತದೆ. ಎರಡು ಸಲದ ವಾಸಗಳ ನಡುವೆ 28 ದಿನಕ್ಕಿಂತ ಹೆಚ್ಚಿನ ಅಂತರವಿಲ್ಲದಿದ್ದರೆ ಎರಡನ್ನೂ ಕೂಡಿಸಿ ಎಣಿಸುತ್ತಾರೆ. ಸ್ಥಳೀಯ ಸಂಸ್ಥೆಯ ವೆಚ್ಚದಲ್ಲಿ ಶುಶ್ರೂಷಾಲಯ ಸೇರಿದವರಿಗೂ ಇದೇ ಕಟ್ಟಳೆ. ಸ್ವಂತ ಹಣದಿಂದ ಇರುವವರಿಗೆ ಭತ್ಯೆ ಮುಂದುವರಿಯುತ್ತದೆ. ಇನ್ನು, ಮನೆಗೇ ಬಂದು ಉಪಚರಿಸುವ ಸೇವೆಗೆ ಶುಲ್ಕ ವಿಧಿಸುವಾಗ ಸ್ಥಳೀಯ ಸಂಸ್ಥೆಗಳು ಪರಿಚರ್ಯಾ ಭತ್ಯೆಯನ್ನು ವರಮಾನವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕೇಂದ್ರ ಇಲಾಖೆಯು ವರಮಾನವಲ್ಲವೆಂದು ಬದಿಗಿಟ್ಟ ಹಣವನ್ನು ಊರಿನ ಸಂಸ್ಥೆಯು ವರಮಾನವೆಂದು ಎಣಿಸುವ ಈ ವಿರೋಧದಲ್ಲಿ, ಅಂಗವೈಕಲ್ಯದಿಂದ ಹೆಚ್ಚಾಗಿ ತಗಲುವ ಖರ್ಚುಗಳನ್ನು ಕಳೆದುಕೊಡಬೇಕೆಂದು ಕೇಳುವ ಹಕ್ಕು ವೃದ್ಧರಿಗಿದೆ. ಶಾಖದ ವೆಚ್ಚ, ವಿಶೇಷ ಆಹಾರ, ಹೆಚ್ಚಿನ ಒಗೆತ ಇವುಗಳ ರಸೀದಿಗಳನ್ನು ಇಟ್ಟುಕೊಂಡವರಿಗೆ ಅದು ಫಲಿಸುತ್ತದೆ.

ಪೆನ್ಷನ್ ಕ್ರೆಡಿಟ್ಟಿಗೆ ಅರ್ಹರಾದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಅದನ್ನು ಪಡೆಯುತ್ತಿಲ್ಲವೆಂದು ಸರ್ಕಾರದ ಅಂದಾಜುಗಳೇ ಹೇಳುತ್ತ ಬಂದಿವೆ. ಅಂಥ ನೆರವನ್ನು ಇತರ ನೆರವುಗಳ ಹೆಬ್ಬಾಗಿಲನ್ನಾಗಿ ಮಾಡುವುದರ ಅಪಾಯವು 2024ರಲ್ಲಿ ಎದ್ದು ಕಂಡಿತು: ಅಲ್ಲಿಯವರೆಗೆ ಒಂದು ಕೋಟಿಗೂ ಮಿಕ್ಕ ವೃದ್ಧರಿಗೆ ಸಲ್ಲುತ್ತಿದ್ದ ಚಳಿಗಾಲದ ಇಂಧನದ ಹಣವನ್ನು ಸರ್ಕಾರವು ಮುಖ್ಯವಾಗಿ ಪೆನ್ಷನ್ ಕ್ರೆಡಿಟ್ ಪಡೆಯುವವರಿಗೆ ಮಿತಗೊಳಿಸಿದಾಗ, ಅರ್ಹರಾಗಿದ್ದೂ ಅರ್ಜಿ ಹಾಕದಿದ್ದ ಬಡವರು ಚಳಿಯ ದಿನಗಳಲ್ಲಿ ಎರಡನ್ನೂ ಕಳೆದುಕೊಂಡರು. ಮರುವರ್ಷ, ವಾರ್ಷಿಕ ವರಮಾನ 35,000 ಪೌಂಡು ಮೀರದವರಿಗೆಲ್ಲ ಆ ಹಣವನ್ನು ಪುನಃ ಕೊಡಲು ಸರ್ಕಾರ ಒಪ್ಪಬೇಕಾಯಿತು.

ಅರ್ಜಿಯ ಮೇಲಿನ ತೀರ್ಮಾನವನ್ನು ಒಪ್ಪದವರು ಒಂದು ತಿಂಗಳೊಳಗೆ ಮರುಪರಿಶೀಲನೆಯನ್ನು ಕೇಳಬೇಕು. ಅನಂತರ ನ್ಯಾಯಮಂಡಲಿಗೆ ಹೋಗಬಹುದು. ಪರಿಚರ್ಯಾ ಭತ್ಯೆಯ ಮೊಕದ್ದಮೆಗಳಲ್ಲಿ ಅಲ್ಲಿ ನ್ಯಾಯಾಧೀಶರೊಡನೆ ವೈದ್ಯರೂ, ಅಂಗವೈಕಲ್ಯದ ಅನುಭವವುಳ್ಳ ಸದಸ್ಯರೂ ಕುಳಿತಿರುತ್ತಾರೆ. 1939ರಿಂದ ಕೆಲಸ ಮಾಡುತ್ತಿರುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಕಚೇರಿಗಳಲ್ಲಿ ಅರ್ಜಿ ತುಂಬಲು ಉಚಿತವಾದ ಸಹಾಯ ದೊರೆಯುತ್ತದೆ. ಪರಿಚರ್ಯಾ ಭತ್ಯೆಯು ಅರ್ಜಿಯ ದಿನದಿಂದ ಮಾತ್ರ ಸಲ್ಲುತ್ತದೆ, ಹಿಂದಿನ ಕಾಲಕ್ಕೆ ಇಲ್ಲ. ಪೆನ್ಷನ್ ಕ್ರೆಡಿಟ್ಟನ್ನು 3 ತಿಂಗಳ ಹಿಂದಿನಿಂದ ಕೇಳಬಹುದು. ಮೇಲೆ ಹೇಳಿದ ವಿಧವೆಯಂತೆ, ವರಮಾನ ಹೆಚ್ಚೆಂದು ಪೆನ್ಷನ್ ಕ್ರೆಡಿಟ್ ಒಮ್ಮೆ ನಿರಾಕೃತವಾದವರು ಪರಿಚರ್ಯಾ ಭತ್ಯೆ ಮಂಜೂರಾದ 3 ತಿಂಗಳೊಳಗೆ ಹೊಸದಾಗಿ ಅರ್ಜಿ ಹಾಕಿದರೆ, ಭತ್ಯೆಯ ತೀರ್ಮಾನಕ್ಕೆ ಹಿಡಿದ ಕಾಲದ ಬಾಕಿಯನ್ನೂ ಪಡೆಯಲು ಅವಕಾಶವಿದೆ. ಎರಡೂ ಒಂದೇ ಇಲಾಖೆಯ ಕೈಯಲ್ಲಿದ್ದರೂ ಈ ಎರಡನೆಯ ಅರ್ಜಿ ತಾನಾಗಿ ಹುಟ್ಟುವುದಿಲ್ಲ. ಅದನ್ನು ಅವರೇ ಹಾಕಬೇಕು.